ಏಳನೆಯ ವಾಕ್ಯ

ಮಹಡಿಯ ಕೋಣೆಯಲ್ಲಿ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಎಂಟು ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಾಗಿಲ ಹತ್ತಿರದ, ಗೋಡೆಗೆ ಬೆನ್ನು ತಾಗುವ ಕುರ್ಚಿ ತನಗೆ ಸಿಗಲಿ ಎಂದುಕೊಂಡೇ ಹಿಂಕೆ ಹತ್ತು ನಿಮಿಷ ಮೊದಲು ಬಂದಿದ್ದಳು. ಆದರೆ ಅದರ ಮೇಲೆ ಆಗಲೇ ಸಹೋದ್ಯೋಗಿ ಯೋರಿಟ್‌ನ ಜಾಕೆಟ್ಟು ಕೂತಿತ್ತು. ಆ ಜಾಕೆಟ್ಟನ್ನು ಎತ್ತಿ ಪಕ್ಕದ ಕುರ್ಚಿಗೆ ಹಾಕಿದರೆ ಯೋರಿಟ್ ಏನೂ ಅನ್ನುತ್ತಿರಲಿಲ್ಲ, ನಗುತ್ತಿದ್ದ ಅಷ್ಟೆ. ಆ ನಗುವಿಗೆ ಹೆದರಿ ಅವಳು ಕಿಟಕಿಗೆ ಬೆನ್ನು ಮಾಡಿ ಕೂತಳು. ಹಿಂದೆ ಫೆಬ್ರವರಿಯ ಗಾಳಿ ಗಾಜನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಯಾವಾಗಿನಿಂದ ನಾನು ಹೀಗೆ ಕುರ್ಚಿ ಆರಿಸುವವಳಾದೆ ಎಂದು ಕೇಳಿಕೊಂಡಳು. ಉತ್ತರ ಗೊತ್ತಿದ್ದರಿಂದ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಕೈಯಲ್ಲಿದ್ದ ಕಾಫಿಯನ್ನು ನೋಡಿದಳು. ಕೆಳಗಿನ ಕೋಣೆಯಲ್ಲಿ ಇವತ್ತು ಬೇರೆ ಊರಿನಿಂದ ಬಂದ ಬದಲಿ ಜನ ಪರದೆಗಳ ಮುಂದೆ ಕೂತು, ಕ್ಯಾಮೆರಾ ಚಿತ್ರಗಳನ್ನು ನೋಡುತ್ತಾ, ದೋಣಿಗಳಿಗೆ ದಾರಿ ಬಿಡಲು ದೂರದ ಹದಿನಾಲ್ಕು ಸೇತುವೆಗಳನ್ನು ಎತ್ತಿ ಇಳಿಸುತ್ತಿದ್ದರು. ಹೊರಗೆ ಕಾಲುವೆಯ ನೀರಿನ ಅಂಚು ಹೆಪ್ಪುಗಟ್ಟಿದ್ದರೂ ದೋಣಿಗಳು ಬರುವುದೇನೂ ನಿಂತಿರಲಿಲ್ಲ.

ತರಬೇತಿ ಕೊಡಲು ಬಂದಿದ್ದ ಮಾರ್ಲೀಸ್ ದೇಶದ ಪಶ್ಚಿಮ ಭಾಗದವಳು, ಬೆಳಗಿನ ರೈಲಿಗೆ ಬಂದವಳು. ಅವಳು ಬಾಯಿ ತೆರೆದೊಡನೆ ಎಲ್ಲರೂ ತಮ್ಮ ಮನೆಮಾತಾದ ಫ್ರೀಸಿಯನ್ನನ್ನು ಕಿಸೆಗಿಟ್ಟುಕೊಂಡು, ಶಾಲೆಯಲ್ಲಿ ಕಲಿತ ಡಚ್ಚಿಗೆ ಬಂದರು. ಆ ಭಾಷೆಯಲ್ಲಿ ಎಲ್ಲರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಸುಳ್ಳು ಹೇಳುವುದೂ ಅದರಲ್ಲಿ ಸಲೀಸು ಎಂದು ಹಿಂಕೆಗೆ ಎಷ್ಟೋ ಸಲ ಅನ್ನಿಸಿದೆ. ಅಪಘಾತದ ವಿಚಾರಣೆಯೂ ಅದೇ ಭಾಷೆಯಲ್ಲಿ ನಡೆದಿತ್ತು. ಕೆಟಲಿನ ಹತ್ತಿರ ನಿಂತು, ಗುಲಾಬಿ ಸಕ್ಕರೆ ಮೆತ್ತಿದ ಕೇಕನ್ನು ಚೌಕವಾಗಿ ಕತ್ತರಿಸುತ್ತಿದ್ದವಳು ವೆಲ್ಮೂಟ್. ಪಾಳಿಯ ಮುಖ್ಯಸ್ಥೆ, ಹಿಂಕೆಯ ಹತ್ತೊಂಬತ್ತು ವರ್ಷದ ಗೆಳತಿ, ಈಚೆಗೆ 'ಸಹೋದ್ಯೋಗಿಗಳ ನೆರವಿನ' ಜವಾಬ್ದಾರಿಯನ್ನೂ ಹೊತ್ತವಳು. ಈ ತರಬೇತಿಯನ್ನು ತರಿಸಿದ್ದೇ ಅವಳು. ಕೇಕಿನ ತಟ್ಟೆ ಹಿಡಿದು ಬಂದವಳು ಹಿಂಕೆಯ ಮುಂದೆ ಬಗ್ಗಿ, "ತಗೊಳ್ಳೇ, ದೊಡ್ಡದು ನಿಂಗೇ ಅಂತ ಕತ್ತರಿಸಿದೀನಿ," ಎಂದಳು. ಹಿಂಕೆ ತೆಗೆದುಕೊಂಡಳು. ಸೋಂಪಿನ ವಾಸನೆ ಬಂತು. ಎಷ್ಟು ಒಳ್ಳೆಯವಳು ಎಂದುಕೊಂಡಳು. ಆ ಹೊತ್ತಿನಲ್ಲಿ ನಿಜವಾಗಿಯೂ ಹಾಗೇ ಅಂದುಕೊಂಡಳು.

ಮಾರ್ಲೀಸ್ ಸುತ್ತಿ ಬಳಸಿ ಮಾತಾಡುವವಳಲ್ಲ. ದೊಡ್ಡ ಆಘಾತವಾದ ಮೇಲೆ ಮನಸ್ಸು ಹೇಗೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಹೊರಗಿನಿಂದ ನೋಡುವವರು ಅದನ್ನು ಹೇಗೆ ಸಿಡುಕು ಅಂತಲೋ ಸೋಮಾರಿತನ ಅಂತಲೋ ವಯಸ್ಸು ಅಂತಲೋ ತಳ್ಳಿಹಾಕುತ್ತಾರೆ ಎಂದು ಹೇಳಿದಳು. "ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ತೀವಿ. ಇದಕ್ಕೆ ಎಲ್ಲಿ ಮುಟ್ಟಿ ನೋಡ್ಬೇಕು ಅನ್ನೋದನ್ನ ಇವತ್ತು ಕಲಿಯೋಣ." ಯೋರಿಟ್, "ನಮ್ಮಲ್ಲಿ ಮುಟ್ಟಿದ್ರೆ ಬೇರೆ ದೂರಿನ ಅರ್ಜಿ ತುಂಬಬೇಕಾಗುತ್ತೆ," ಎಂದ. ಎಲ್ಲರೂ ನಕ್ಕರು, ಹಿಂಕೆಯೂ ನಕ್ಕಳು. ಆಮೇಲೆ ಮಾರ್ಲೀಸ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಮೇಲೆ 'ಸಹೋದ್ಯೋಗಿ ಬಿ' ಎಂದು ಬರೆದಿತ್ತು. ಕೆಳಗೆ ಎಂಟು ವಾಕ್ಯಗಳಿದ್ದವು. "ಇದು ನಿಜವಾದ ಒಬ್ಬರ ಸ್ಥಿತಿ. ಅವರ ಒಪ್ಪಿಗೆ ತಗೊಂಡೇ ತಂದಿರೋದು. ಒಬ್ಬೊಬ್ಬರು ಒಂದೊಂದು ವಾಕ್ಯ ಗಟ್ಟಿಯಾಗಿ ಓದಿ. ಕಣ್ಣಲ್ಲಿ ಓದೋದಕ್ಕೂ ಬಾಯಲ್ಲಿ ಓದೋದಕ್ಕೂ ವ್ಯತ್ಯಾಸ ಇದೆ."

ಮೊದಲನೆಯವರು ಓದಿದರು: ಕೆಲಸಕ್ಕೆ ಬರುವಾಗ ಒಂದು ರಸ್ತೆಯನ್ನು ತಪ್ಪಿಸುವುದಕ್ಕಾಗಿ ದಿನವೂ ಏಳು ಕಿಲೋಮೀಟರು ಸುತ್ತಿ ಬರುತ್ತಾಳೆ. ನನ್ನ ಹಾಗೇ ಇನ್ನೊಬ್ಬಳಿದ್ದಾಳಲ್ಲ ಎಂದು ಹಿಂಕೆಗೆ ಒಂದು ಗಳಿಗೆ ಹಿತವೇ ಆಯಿತು. ಎರಡನೆಯವರು: ಮಲಗುವ ಮೊದಲು ಮನೆಯ ಎಲ್ಲ ಬಾಗಿಲುಗಳನ್ನೂ ಎರಡೆರಡು ಸಲ ತೆರೆದು ಮುಚ್ಚುತ್ತಾಳೆ. ಮೂರನೆಯವರು: ರೈಲ್ವೆ ಗೇಟಿನ ಗಂಟೆ ಕೇಳಿದರೆ ಹಲ್ಲಿನ ಬೇರು ಜುಮ್ಮೆನ್ನುತ್ತದೆ. ಹಲ್ಲಿನ ಬೇರು. ಆ ಮಾತು ಅವಳದು. ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ, ಗುರುವಾರ ಸಂಜೆ, ಕುತ್ತಿಗೆಯವರೆಗೆ ಮುಳುಗಿ ಕೂತು ಅವಳು ಆ ಪದಕ್ಕಾಗಿ ಎಷ್ಟು ಹೊತ್ತು ತಡಕಾಡಿದ್ದಳು. ಹಲ್ಲಲ್ಲ ಕಣೇ, ಹಲ್ಲಿನ ಬೇರು. ವೆಲ್ಮೂಟ್ ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, "ಇನ್ನೇನಾಗುತ್ತೆ? ಹೇಳು, ಒಳಗಿಟ್ಕೋಬೇಡ," ಅಂದಿದ್ದಳು. ಪ್ರತಿ ಗುರುವಾರವೂ ಅಂದಿದ್ದಳು. ಹಿಂಕೆ ತಲೆ ಎತ್ತಿದಳು. ವೆಲ್ಮೂಟ್ ಕೇಕಿನ ಚೂರುಗಳನ್ನು ಚಾಕುವಿನಿಂದ ಒಟ್ಟುಮಾಡುತ್ತಿದ್ದಳು. "ನಿಮ್ಮದು ನಾಲ್ಕನೇದು," ಎಂದಳು ಮಾರ್ಲೀಸ್ ಮೆತ್ತಗೆ.

ಹಿಂಕೆ ಓದಿದಳು. ಯಾಕೆ ಓದಿದೆ, ಎದ್ದು ಹೋಗಬಹುದಿತ್ತಲ್ಲ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಳು. ಶಾಲೆಯ ಭಾಷೆಯಲ್ಲಿ, ಶಾಲೆಯ ಹುಡುಗಿಯ ಹಾಗೆ, ಬೆರಳಿಟ್ಟುಕೊಂಡು ಓದಿದಳು: "ಗಂಡ ಮುಟ್ಟಿದರೆ ಬೆಚ್ಚಿಬೀಳುತ್ತಾಳೆ, ಒಂದು ವರ್ಷದಿಂದ ಬೇರೆ ಕೋಣೆಯಲ್ಲಿ ಮಲಗುತ್ತಿದ್ದಾಳೆ." ತನ್ನ ಧ್ವನಿ ಸಲೀಸಾಗಿ ಹೊರಬಂದದ್ದೇ ಅವಳಿಗೆ ಭಯ ಹುಟ್ಟಿಸಿತು. ಗಂಡ ಹಾರ್ಮೆನ್ ಇದನ್ನು ಕೇಳಿದ್ದರೆ? ಪಾಪ, ಅವನು ಮೊದಲ ತಿಂಗಳು ಬಾಗಿಲ ಹೊರಗೆ ನಿಂತು, ಏನಾದರೂ ಬೇಕಾ ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದನ್ನೂ ಬಿಟ್ಟ. ಆ ಬಿಟ್ಟದ್ದನ್ನೂ ವೆಲ್ಮೂಟ್‌ಗೆ ಹೇಳಿದ್ದಳಲ್ಲ. ಪುಣ್ಯಕ್ಕೆ ಅದು ಹಾಳೆಯಲ್ಲಿರಲಿಲ್ಲ. ಐದನೆಯದರಲ್ಲಿ ಮೊಮ್ಮಗಳು ಬಂದಳು, ಜಾರುಬಂಡೆ ಹತ್ತಿದ್ದಕ್ಕೆ ಅಜ್ಜಿ ಕಿರುಚಿ, ಉದ್ಯಾನದ ಜನವೆಲ್ಲ ತಿರುಗಿ ನೋಡಿದ್ದು. ಆರನೆಯದು: ಕೆಲಸದಲ್ಲಿ ಪರದೆಯ ಒಂದೇ ಚಿತ್ರವನ್ನು ನಾಲ್ಕು ನಾಲ್ಕು ಸಲ ನೋಡುತ್ತಾಳೆ, ಆದರೂ ನಂಬಿಕೆ ಬರುವುದಿಲ್ಲ. ಅದನ್ನು ಓದಿದವನ ಧ್ವನಿ ನಡುವೆಯೇ ಇಳಿಯಿತು. ಅಲ್ಲಿಗೆ 'ಬಿ' ಯಾರೆಂದು ಎಲ್ಲರಿಗೂ ತಿಳಿದುಹೋಯಿತು. ಹಿಂಕೆ ಸೇತುವೆ ಎತ್ತುವ ಹೊತ್ತಿಗೆ ಚಳಿಗಾಲ ಬರುತ್ತೆ ಎಂದು ಹೋದ ಬೇಸಿಗೆಯೆಲ್ಲ ತಮಾಷೆ ಮಾಡಿದ್ದ ಯೋರಿಟ್ ತನ್ನ ಬೂಟಿನ ಲೇಸನ್ನು ನೋಡತೊಡಗಿದ. ಯಾರೂ ಅವಳ ಕಡೆ ನೋಡಲಿಲ್ಲ. ಎಂಟು ಜನರ ದುಂಡಿನಲ್ಲಿ ಏಳು ಜನ ಒಬ್ಬಳನ್ನು ನೋಡದಿರಲು ಎಷ್ಟು ಕಷ್ಟಪಡಬೇಕು ಎಂಬುದನ್ನು ಅವಳು ಕೂತು ನೋಡಿದಳು.

ಏಳನೆಯದು: ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ, ತನಗೇ ತಿಳಿಯದಂತೆ 'ಖಾಲಿ, ಖಾಲಿ' ಎಂಬ ಒಂದೇ ಪದವನ್ನು ಹೇಳಿಕೊಳ್ಳುತ್ತಿರುತ್ತಾಳೆ. ಹಿಂಕೆಗೆ ಅದು ಸರಿಯಾಗಿ ತಟ್ಟಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಯೋರಿಟ್ ಎಂಟನೆಯದನ್ನು ಗಡಿಬಿಡಿಯಿಂದ ಓದಿ ಮುಗಿಸುತ್ತಿದ್ದ. "ಆ ಕ್ಷಣದಲ್ಲಿ ಪಕ್ಕದಲ್ಲಿದ್ದ ಯಾರೋ ತನಗೆ ಸೂಚನೆ ಕೊಟ್ಟರು ಎಂದು ಆಕೆಗೆ ಅನ್ನಿಸಬಹುದು, ಇಂಥ ತಪ್ಪು ನೆನಪುಗಳು ಈ ಸ್ಥಿತಿಯಲ್ಲಿ ಸಾಮಾನ್ಯ." ಮಾರ್ಲೀಸ್ ತಲೆಯಾಡಿಸಿ, "ಒಬ್ಬರೇ ಹೊರೋಕಾಗದ ಭಾರ ನೋಡಿ ಇದು. ಮನಸ್ಸು ಜೊತೆಗೊಬ್ಬರನ್ನ ಹುಡುಕುತ್ತೆ. ಅದು ಸುಳ್ಳಲ್ಲ, ಕಾಯಿಲೆ," ಎಂದಳು. ಎಷ್ಟು ಕರುಣೆಯಿಂದ ಹೇಳಿದಳೆಂದರೆ, ಹಿಂಕೆ ಅದನ್ನು ಎರಡು ನಿಮಿಷ ನಂಬಿಬಿಟ್ಟಳು.

ಆ ಎರಡು ನಿಮಿಷಗಳು ಅವಳ ಬದುಕಿನಲ್ಲೇ ಕೆಟ್ಟವು. ಆ ಜುಲೈ ಶನಿವಾರಕ್ಕಿಂತಲೂ ಕೆಟ್ಟವು. ಆವತ್ತು ಹಾಯಿದೋಣಿಗಳು ಸಾಲುಗಟ್ಟಿ ನಿಂತಿದ್ದವು, ರೇಡಿಯೋದಲ್ಲಿ ಬೈಗುಳ, ಕೋಣೆಯಲ್ಲಿ ಸೆಕೆ. ಹಿಂಕೆಯ ಪರದೆಯ ನಾಲ್ಕು ಕ್ಯಾಮೆರಾ ಚಿತ್ರಗಳಲ್ಲಿ ಒಂದರ ಮೇಲೆ ಇಳಿಬಿಸಿಲು ನೇರ ಬಿದ್ದು ಬಿಳಿ ಬಟ್ಟೆ ಹೊದಿಸಿದಂತಾಗಿತ್ತು. ನೆಗಡಿಯಾಗಿ ಮೂಗು ಕಟ್ಟಿದ್ದ ವೆಲ್ಮೂಟ್ ಎಡಗಡೆಯ ಮೇಜಿನಿಂದ ಅದೇ ಸೇತುವೆಯ ಇನ್ನೊಂದು ಮಗ್ಗುಲನ್ನು ನೋಡಿ, "ಖಾಲಿ ಇದೆ, ಎತ್ತು," ಅಂದಳು. ಹಿಂಕೆ ಗುಂಡಿ ಒತ್ತಿದಳು. ಸೈಕಲ್ಲಿನ ಸರಪಳಿ ಕಳಚಿತ್ತೋ ಏನೋ, ರಸ್ತೆ ಮುಚ್ಚುವ ತಡೆಗಂಬದ ಒಳಗಡೆ ಬಗ್ಗಿ ಕೂತಿದ್ದ ಎಪ್ಪತ್ತಾರು ವರ್ಷದ ವೈನಿಯಾ ಎನ್ನುವ ಮನುಷ್ಯ ಮೇಲೇಳುತ್ತಿದ್ದ ರಸ್ತೆಯ ಜೊತೆ ಮೇಲೆದ್ದ. ಒಂದು ಚಿತ್ರದಲ್ಲಿ ಅವನ ಕೈ ಮಾತ್ರ ಕಂಬಿ ಹಿಡಿದದ್ದು ಕಂಡಿತು. ಚಿತ್ರಕ್ಕೆ ಸದ್ದಿರಲಿಲ್ಲ. ಆಮೇಲೆ ಆ ಕೈಯೂ ಇರಲಿಲ್ಲ. ಬೇರೆಯವರ ಮಾತಿನ ಮೇಲೆ ಗುಂಡಿ ಒತ್ತಕೂಡದು ಎಂಬುದು ಮೊದಲ ದಿನವೇ ಕಲಿಸುವ ನಿಯಮ. ವೆಲ್ಮೂಟ್ ಪಾಳಿಯ ಮುಖ್ಯಸ್ಥೆಯಾಗಿ ಆಗ ಇನ್ನೂ ಒಂದು ತಿಂಗಳು. ವಿಚಾರಣೆಯಲ್ಲಿ ಹಿಂಕೆ, ನಾನೇ ನೋಡಿದೆ, ನನಗೆ ಖಾಲಿ ಕಂಡಿತು ಎಂದಳು. ಹಾಗೆ ಹೇಳು ಎಂದು ವೆಲ್ಮೂಟ್ ಕೇಳಿಕೊಂಡಿರಲಿಲ್ಲ. ಹಿಂಕೆ ತಾನಾಗಿ ಕೊಟ್ಟದ್ದು ಅದು. ಇಬ್ಬರು ಮುಳುಗುವುದಕ್ಕಿಂತ ಒಬ್ಬಳು ಎಂಬ ಲೆಕ್ಕ ಮೇಲೆ ಕಂಡರೂ, ಅದರ ಕೆಳಗೆ, ಈ ತಪ್ಪು ಪೂರ್ತಿ ನನ್ನದೇ ಆಗಲಿ ಎಂಬ ಒಂದು ಬಗೆಯ ಹಮ್ಮೂ ಇತ್ತೇನೋ. ಬಿಸಿಲಿನ ಪ್ರಖರತೆ, ಯಾರ ತಪ್ಪೂ ಇಲ್ಲ ಎಂದು ವರದಿ ಬಂತು. ಅಂದಿನಿಂದ ಪ್ರತಿ ಗುರುವಾರ ಬಿಸಿನೀರಿನಲ್ಲಿ ಕೂತು, ಇವತ್ತು ಹೇಳುತ್ತಾಳೆ, ಇವತ್ತು ಒಂದು ಮಾತು ಆಡುತ್ತಾಳೆ ಎಂದು ಹಿಂಕೆ ಕಾದಳು. ವೆಲ್ಮೂಟ್ ಆಡಿದ್ದು ಒಂದೇ ಮಾತು: ಇನ್ನೇನಾಗುತ್ತೆ, ಹೇಳು. ಅದನ್ನೇ ಪ್ರೀತಿಯೆಂದು ತಿಳಿದು, ಒಂದೊಂದಾಗಿ ಎಲ್ಲವನ್ನೂ ಬಿಚ್ಚಿ ಅವಳ ಮುಂದಿಟ್ಟಿದ್ದಳು. ಆ ಮೂಗು ಕಟ್ಟಿದ ಧ್ವನಿಯೇ ಇರಲಿಲ್ಲವೆಂದಾದರೆ? ತನ್ನ ತಲೆಯೇ ಒಬ್ಬ ಗೆಳತಿಯ ಮೇಲೆ ಹೊರಿಸಲು ಅದನ್ನು ಹುಟ್ಟಿಸಿಕೊಂಡಿದ್ದರೆ?

ಕಾಫಿ ಬಿಡುವಿನಲ್ಲಿ ಹಿಂಕೆ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ, "ಖಾಲಿ," ಎಂದಳು. ಇನ್ನೊಮ್ಮೆ ಅಂದಳು. ಬಾಯಿಗೆ ಪರಕೀಯವಾದ, ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿದ ಹಾಗಿನ ಪದ. ಅವಳು ಅದನ್ನು ಯಾವತ್ತೂ ಹೇಳಿಕೊಂಡವಳಲ್ಲ, ಅವಳು ಕೇಳಿಸಿಕೊಂಡವಳು. ಪಾತ್ರೆ ತೊಳೆಯುವಾಗ ಅವಳ ಎಡಕಿವಿಗೆ ಅದು ಬರುತ್ತದೆ, ನಾಲಗೆಗಲ್ಲ. ಹಾಗಾದರೆ ಏಳನೆಯ ವಾಕ್ಯದವಳು ಯಾರು? ನಲ್ಲಿ ಹರಿಯುತ್ತಲೇ ಇತ್ತು. ಯಾರ ನಾಲಗೆ ಅದನ್ನು ಆಡಿತ್ತೋ ಆ ನಾಲಗೆಯಲ್ಲೇ ಅದು ಉಳಿದಿದೆ. ಇಷ್ಟು ಸರಳ. ವೆಲ್ಮೂಟ್ ತನ್ನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಸಿಂಕಿನೊಳಗೆ ಕೈಯಿಟ್ಟುಕೊಂಡು ಖಾಲಿ ಖಾಲಿ ಎನ್ನುತ್ತಿದ್ದಾಳೆ. ಯಾರಿಗೂ ಹೇಳಲಾರದೆ, ಹಿಂಕೆಯ ಆರು ನೋವುಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿದ್ದಾಳೆ. ನಿಲ್ಲಿಸಿ, ಕೆಳಗೆ ಎಂಟನೆಯದನ್ನು ಬೀಗದ ಹಾಗೆ ಜಡಿದಿದ್ದಾಳೆ. ಹಿಂಕೆಗೆ ಮೊದಲು ಬಂದದ್ದು ಸಿಟ್ಟಲ್ಲ, ಅಯ್ಯೋ ಎನ್ನುವ ಮರುಕ. ತನಗೆ ಮರುಕ ಬಂದದ್ದಕ್ಕೆ ಸಿಟ್ಟು ಬಂತು.

ಊಟದ ಹೊತ್ತಿಗೆ ಗಾಳಿ ಜೋರಾಗಿ ಎಲ್ಲೋ ಒಂದು ತಡೆಗಂಬ ಮುರಿದು, ಯೋರಿಟ್‌ನನ್ನು ಕೆಳಗೆ ಕರೆಸಿಕೊಂಡರು. ಹೋಗುವ ಮುಂಚೆ ಅವನು ಹಿಂಕೆಯ ಹತ್ತಿರ ನಿಂತು, "ಚಳಿಗಾಲದ ಮಾತು... ನಾನು ಸುಮ್ನೆ ಅಂದಿದ್ದು," ಎಂದು ಅರ್ಧಕ್ಕೇ ನಿಲ್ಲಿಸಿ, ಜಾಕೆಟ್ಟನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋದ. ಉಳಿದವರು ಚೀಸು ಬ್ರೆಡ್ಡು ತಿಂದು ಮಜ್ಜಿಗೆ ಕುಡಿಯುತ್ತಾ, ಈ ಸಲ ಕಾಲುವೆ ಪೂರ್ತಿ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂಬುದರ ಬಗ್ಗೆ ಎಂದಿಗಿಂತ ಹೆಚ್ಚು ಉತ್ಸಾಹದಿಂದ ಮಾತಾಡಿದರು. ಮಧ್ಯಾಹ್ನ ಇಬ್ಬಿಬ್ಬರಾಗಿ ಕೂತು, ಪ್ರಶ್ನೆಪಟ್ಟಿ ಹಿಡಿದು ಒಬ್ಬರು ಇನ್ನೊಬ್ಬರನ್ನು ಕೇಳಿ ಗುರುತು ಹಾಕಬೇಕಾಗಿತ್ತು. ಯೋರಿಟ್ ಇಲ್ಲದೆ ಹಿಂಕೆ ಒಂಟಿಯಾಗಿದ್ದಳು. "ವೆಲ್ಮೂಟ್, ನೀವು ಇವರ ಜೊತೆ ಕೂತ್ಕೊಳ್ತೀರಾ?" ಎಂದಳು ಮಾರ್ಲೀಸ್. "ನಾನು ನೋಡ್ಕೊಳ್ಳೋಳು ಅಷ್ಟೆ," ಎಂದಳು ವೆಲ್ಮೂಟ್. "ನೋಡ್ಕೊಳ್ಳೋರಿಗೇ ಮೊದಲು ಬೇಕಾಗಿರೋದು," ಎಂದು ಮಾರ್ಲೀಸ್ ನಗುತ್ತಾ ಕುರ್ಚಿ ಎಳೆದಳು.

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ವೆಲ್ಮೂಟ್ ತಗ್ಗಿದ ದನಿಯಲ್ಲಿ ತಮ್ಮ ಮಾತಿನಲ್ಲೇ, "ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ. ನೀನಾಗಿ ಯಾವತ್ತೂ ಡಾಕ್ಟ್ರ ಹತ್ರ ಹೋಗ್ತಿರ್ಲಿಲ್ಲ," ಎಂದಳು.

"ಒಪ್ಪಿಗೆ ಯಾವಾಗ ಕೊಟ್ಟೆ ನಾನು?"

"ಕೇಳಿದ್ರೆ ಕೊಡ್ತಿದ್ದೆ ತಾನೇ?"

"ಕೇಳ್ಬೇಕಾಗಿತ್ತು." ಹಿಂಕೆ ಪೆನ್ನು ಕೈಗೆತ್ತಿಕೊಂಡು ಪಟ್ಟಿಯ ಡಚ್ಚಿಗೆ ಹೊರಳಿದಳು. "ಕಳೆದ ಒಂದು ತಿಂಗಳಲ್ಲಿ, ಬೇಡದ ನೆನಪುಗಳು ಮತ್ತೆ ಮತ್ತೆ ಬಂದಿವೆಯೇ?"

"ಇಲ್ಲ."

"ಘಟನೆಯನ್ನು ನೆನಪಿಸುವ ಸ್ಥಳ, ಜನ, ಮಾತುಗಳನ್ನು ತಪ್ಪಿಸುತ್ತೀರಾ?"

"ಇಲ್ಲ."

'ಮಾತುಗಳನ್ನು' ಎಂಬಲ್ಲಿ ಹಿಂಕೆ ತುಸು ನಿಂತಿದ್ದಳು. ವೆಲ್ಮೂಟ್‌ಳ ಕುತ್ತಿಗೆಯ ಕೆಳಗೆ ಕೆಂಪು ಮಚ್ಚೆಗಳು ಏಳತೊಡಗಿದ್ದವು. ಹತ್ತೊಂಬತ್ತು ವರ್ಷದಿಂದ ಹಿಂಕೆಗೆ ಗೊತ್ತಿರುವ ಮಚ್ಚೆಗಳು. ಸ್ವಲ್ಪದಕ್ಕೇ ಬೆಚ್ಚುತ್ತೀರಾ? ಇಲ್ಲ. ತಪ್ಪಿತಸ್ಥ ಭಾವನೆ? ಇಲ್ಲ. ಹತ್ತಿರದವರಿಂದ ದೂರವಾದಂತೆ? ಇಲ್ಲ. ಎಂಥ ವಿಚಿತ್ರ, ಇದೇ ಪ್ರಶ್ನೆಗಳನ್ನು ಇವಳು ನನ್ನನ್ನು ಒಂದೂವರೆ ವರ್ಷ ಬಿಸಿನೀರಿನಲ್ಲಿ ಕೂರಿಸಿ ಕೇಳಿದಳು, ನಾನು ಒಮ್ಮೆಯೂ ತಿರುಗಿ ಕೇಳಲಿಲ್ಲ. ನಿನಗೇನಾಗುತ್ತೆ ಎಂದು ಒಂದು ಸಲ ಕೇಳಿದ್ದರೆ? ನೋವು ನನ್ನೊಬ್ಬಳದೇ ಎಂಬಂತೆ ಅಲ್ಲಿ ಮೈಚೆಲ್ಲಿ ಕೂತಿದ್ದೆನಲ್ಲ. ಈ ಯೋಚನೆ ಅವಳನ್ನು ಸಡಿಲ ಮಾಡಿತು. ಪೆನ್ನನ್ನು ಕೆಳಗಿಟ್ಟು, ಪಟ್ಟಿಯಲ್ಲಿಲ್ಲದ ಪ್ರಶ್ನೆಯನ್ನು, ಮನೆಮಾತಿನಲ್ಲಿ, ಆದಷ್ಟು ಮೆತ್ತಗೆ ಕೇಳಿದಳು: "ಏಳನೇದು ನಂದಲ್ಲ, ವೆಲ್ಮೂಟ್. ಅದು ಯಾರದು?"

ವೆಲ್ಮೂಟ್ ಅವಳನ್ನೇ ನೋಡಿದಳು. ಕಣ್ಣು ಒದ್ದೆಯಾಯಿತು. ಈಗ ಬರುತ್ತದೆ ಎಂದು ಹಿಂಕೆಗೆ ಅನ್ನಿಸಿತು. ಆದರೆ ವೆಲ್ಮೂಟ್ ತಲೆ ತಿರುಗಿಸಿ, ಇಡೀ ಕೋಣೆಗೆ ಕೇಳುವಂತೆ, ಸ್ವಚ್ಛವಾದ ಶಾಲೆಯ ಡಚ್ಚಿನಲ್ಲಿ, "ಮಾರ್ಲೀಸ್, ಇವರಿಗೆ ಇದು ಇವತ್ತು ಸ್ವಲ್ಪ ಭಾರ ಆಗ್ತಿದೆ ಅನ್ಸುತ್ತೆ," ಎಂದಳು.

ಮಾರ್ಲೀಸ್ ಓಡಿಬಂದಳು, ನೀರು ಕೊಟ್ಟಳು, ಉಸಿರಾಡುವುದು ಹೇಗೆಂದು ತೋರಿಸಿದಳು. ಹಿಂಕೆ ಹೇಳಿದಂತೆ ಉಸಿರಾಡಿದಳು. "ಈ ಹಾಳೆಯಲ್ಲಿರೋಳು ನಾನೇ. ಆರು ನಂದು, ಎರಡು ನಂದಲ್ಲ," ಎಂದಳು. ಮಾರ್ಲೀಸ್ ಒಮ್ಮೆ ವೆಲ್ಮೂಟ್ ಕಡೆ, ಒಮ್ಮೆ ಇವಳ ಕಡೆ ನೋಡಿದಳು. ಒಪ್ಪಿಗೆಯ ವಿಷಯ ಅವಳಿಗೆ ಹೊಳೆದಿರಬೇಕು, ಮುಖ ಬಿಳಿಚಿತು. ಆದರೂ ತನ್ನ ಕಸುಬಿನ ಮಾತೇ ಮೊದಲು ಬಾಯಿಗೆ ಬಂತು: "ಯಾವುದು ನಮ್ಮದು, ಯಾವುದು ಅಲ್ಲ ಅನ್ನೋದು ಕೆಲವು ಸಲ ನಮಗೇ ಗೊತ್ತಾಗಲ್ಲ, ಹಿಂಕೆ." ಅವಳದೇನೂ ತಪ್ಪಿರಲಿಲ್ಲ. ಹಿಂಕೆ ಕೋಟು ಹಾಕಿಕೊಂಡು ಮೆಟ್ಟಿಲಿಳಿದಳು.

ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ ವೆಲ್ಮೂಟ್ ಓಡುತ್ತಾ ಬಂದು ಹಿಡಿದಳು. ಕೋಟಿರಲಿಲ್ಲ, ಗಾಳಿಗೆ ಕೂದಲು ಬಾಯೊಳಗೆ ಹೋಗುತ್ತಿತ್ತು. "ಸೋಮವಾರದಿಂದ ನಿನ್ನನ್ನ ಮೇಜಿಂದ ತೆಗೀತಾರೆ, ಕಡತದ ಕೆಲಸಕ್ಕೆ ಹಾಕ್ತಾರೆ. ಬೇರೆ ಯಾರಿಂದಾನೋ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದೀನಿ," ಎಂದಳು. ಹಿಂಕೆ ಬೀಗದ ಕೈ ಹುಡುಕುತ್ತಿದ್ದಳು. "ವೈನಿಯಾನ ಮಗಳು ಮತ್ತೆ ವಿಚಾರಣೆ ಆಗ್ಲಿ ಅಂತ ಅರ್ಜಿ ಹಾಕಿದಾಳೆ. ಎಲ್ಲಾ ಮತ್ತೆ ಕೇಳ್ತಾರಂತೆ. ನಂಗೆ ಭಯ ಆಯ್ತು ಕಣೇ." ಆಮೇಲೆ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ನಾನು ಹೇಳಿದ್ದೆ. ಖಾಲಿ ಇದೆ, ಎತ್ತು ಅಂತ ನಾನೇ ಹೇಳಿದ್ದೆ. ನಿಂಗೆ ತಲೆ ಕೆಟ್ಟಿಲ್ಲ."

ಒಂದು ವರ್ಷ ಏಳು ತಿಂಗಳು ಕಾದ ಮಾತು. ಹಿಂಕೆ ಸೈಕಲ್ಲಿನ ಸೀಟನ್ನು ಹಿಡಿದುಕೊಂಡಳು. ಅಷ್ಟೊಂದು ನೆಮ್ಮದಿಯಾಯಿತು. "ಒಳಗೆ ಬಂದು ಹೇಳ್ತೀಯಾ?" ಎಂದಳು.

"ಇಲ್ಲ," ಎಂದಳು ವೆಲ್ಮೂಟ್. ಅಳುತ್ತಲೇ ಹೇಳಿದಳು, ಆದರೆ ತಡವರಿಸಲಿಲ್ಲ. "ನಿಂಗೆ ಹೇಳಿದೆ. ಇನ್ಯಾರಿಗೂ ಹೇಳಲ್ಲ. ಕೇಳಿದ್ರೆ ಹೇಳೇ ಇಲ್ಲ ಅಂತೀನಿ."

ಬಯ್ಯಬೇಕಿತ್ತು. ಬಯ್ಯುವ ಪದಗಳನ್ನೆಲ್ಲ ಹಿಂಕೆ ಮನಸ್ಸಿನಲ್ಲಿ ಒಂದೊಂದಾಗಿ ಎತ್ತಿ ನೋಡಿದಳು. ಯಾವುದೂ ಇವಳಿಗೆ ಸರಿಯಾದ ಅಳತೆಯದಾಗಿರಲಿಲ್ಲ. ವೆಲ್ಮೂಟ್ ಚಳಿಗೆ ನಡುಗುತ್ತಿದ್ದಳು. "ಒಳಗೆ ಹೋಗು, ಶೀತ ಆಗುತ್ತೆ," ಎಂದುಬಿಟ್ಟಳು ಹಿಂಕೆ, ಹತ್ತೊಂಬತ್ತು ವರ್ಷದ ಅಭ್ಯಾಸದಿಂದ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಸೈಕಲ್ ತುಳಿಯುತ್ತಾ ಅರ್ಧ ದಾರಿಯವರೆಗೂ ನಾಚಿಕೊಂಡಳು.

ಅವಳು ಮನೆಯ ಕಡೆ ತಿರುಗಲಿಲ್ಲ. ಸೇತುವೆಯ ಮೇಲೆ ಹೋಗುವ ಧೈರ್ಯವೂ ಬರಲಿಲ್ಲ. ಎದುರು ಗಾಳಿಯಲ್ಲಿ ಏಳು ಕಿಲೋಮೀಟರನ್ನೂ ಸುತ್ತಿ, ಬೆವರಿ, ಕಾಲುವೆಯ ಆಚೆ, ವೈನಿಯಾನ ಮಗಳಿದ್ದ ಹಳ್ಳಿಗೆ ಹೋದಳು. ವೈನಿಯಾನನ್ನು ಮಣ್ಣು ಮಾಡಿದ ದಿನ ಚರ್ಚಿನ ಹೊರಗೆ, ಎಲ್ಲರಿಗಿಂತ ಹಿಂದೆ ನಿಂತಿದ್ದ ಹಿಂಕೆಯ ಹತ್ತಿರ ಆ ಮಗಳು ತಾನಾಗಿ ಬಂದಿದ್ದಳು. ಬಯ್ಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು: ಆ ಹೊತ್ತಿನಲ್ಲಿ ನಿಮ್ಮ ಜೊತೆ ಬೇರೆ ಯಾರಾದರೂ ನೋಡುತ್ತಿದ್ದರಾ? ಯಾರೂ ಇಲ್ಲ ಎಂದಿದ್ದಳು ಹಿಂಕೆ, ಅದೂ ಮನೆಮಾತಿನಲ್ಲಿ. ಆಗ ಆ ಹೆಂಗಸು ಅವಳ ಕೈ ಹಿಡಿದು, ಪಾಪ, ನೀವೊಬ್ಬರೇ ಇದ್ದಿರಿ ಎಂದಿದ್ದಳು. ಆ ಕೈಯ ಬಿಸಿಯನ್ನು ಹಿಂಕೆ ಯಾವ ಗುರುವಾರವೂ ವೆಲ್ಮೂಟ್‌ಗೆ ಹೇಳಿರಲಿಲ್ಲ. ಯಾವ ಹಾಳೆಯಲ್ಲೂ ಬಾರದ ಒಂದು ವಾಕ್ಯ ಅದು.

ಗಂಟೆ ಒತ್ತಿದಾಗ ಮಗಳೇ ಬಾಗಿಲು ತೆರೆದಳು. ತಲೆಗೆ ಬಣ್ಣ ಹಚ್ಚಿಕೊಂಡು, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ಹೆಗಲ ಮೇಲೊಂದು ಹಳೆಯ ಟವಲು. ಗುರುತು ಹಿಡಿಯಲು ತುಸು ಹೊತ್ತು ಬೇಕಾಯಿತು.

"ಅವತ್ತು ನೀವು ನನ್ನನ್ನ ಒಂದು ಮಾತು ಕೇಳಿದ್ರಿ. ನಾನು ಸುಳ್ಳು ಹೇಳ್ದೆ," ಎಂದಳು ಹಿಂಕೆ.

ಕಂದು ಬಣ್ಣದ ಒಂದು ಹನಿ ಆ ಹೆಂಗಸಿನ ಹಣೆಯಂಚಿನಿಂದ ಇಳಿದು ಕಿವಿಯ ಹತ್ತಿರ ನಿಂತಿತು. ಅವಳು ಒರೆಸಿಕೊಳ್ಳಲಿಲ್ಲ. ಬಾಗಿಲನ್ನು ಮುಚ್ಚಲೂ ಇಲ್ಲ, ಪೂರ್ತಿ ತೆರೆಯಲೂ ಇಲ್ಲ.

"ಇನ್ನು ಇಪ್ಪತ್ತು ನಿಮಿಷಕ್ಕೆ ನಾನು ತಲೆ ತೊಳ್ಕೋಬೇಕು," ಎಂದಳು ಕೊನೆಗೆ. "ಅಷ್ಟರಲ್ಲಿ ಹೇಳಿ ಮುಗಿಸೋಕಾಗುತ್ತಾ?"

"ಇಲ್ಲ."

ಅವಳು ಹಿಂಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಬೆವರಿದ ಮುಖ, ಗಾಳಿಗೆ ಕೆದರಿದ ಕೂದಲು, ಸೈಕಲ್ ಹಿಡಿದು ಬಿಳಿಚಿದ್ದ ಬೆರಳುಗಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಬನ್ನಿ ಒಳಗೆ. ಆದ್ರೆ ಕೋಟು ಬಿಚ್ಬೇಡಿ."